ನೀರನ್ನ ಬೆಳಗ್ಗೆ ಹನ್ನೊಂದು ಗಂಟೆಗೆ ಬಂದು ನೋಡ್ಬೇಡಿ ಸ್ವಾಮಿ

ನದಿ ಕೆರೆಗಳಿಗೆ ಕಾನೂನು ಬರೆಯೋರಿಗೆ, ಅದನ್ನ ಪಾಸ್ ಮಾಡೋರಿಗೆ, ಪಾಸಾದ್ಮೇಲೆ ಜಾರಿ ಮಾಡ್ಬೇಕಾದೋರಿಗೆ, ಎಲ್ಲರಿಗೂ ನಮಸ್ಕಾರ.

ನೀವು ಯಾವ ದೇಶದೋರು ಯಾವ ಪಕ್ಷದೋರು ಅಂತ ನೋಡಿ ಬರೀತಿಲ್ಲ, ಯಾಕಂದ್ರೆ ಈ ಒಂದು ವಿಷಯದಲ್ಲಿ ನೀವೆಲ್ಲಾ ಒಂದೇ ಬಳ್ಳಿ ಕಾಯಿಗಳು. ಪತ್ರ ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ಕೆಲವು ವರ್ಷ ನನ್ನ ಕೆಲ್ಸಾನೇ ನೀರಿನ ಸ್ಯಾಂಪಲ್ ತರೋದಾಗಿತ್ತು. 300 ಮಿಲಿಲೀಟರಿನ ಒಂದು ಗಾಜಿನ ಬಾಟಲಿ ಇರುತ್ತೆ, ಗಾಜಿಂದೇ ಬಿರಡೆ. ಅದನ್ನ ನೀರಲ್ಲಿ ಪೂರ್ತಿ ಮುಳುಗಿಸಿ ಒಂದೇ ಒಂದು ಗಾಳಿಗುಳ್ಳೆ ಉಳೀದಂಗೆ ತುಂಬಿಸಿ ಬಿರಡೆ ಹಾಕ್ಬೇಕು, ಗುಳ್ಳೆ ಉಳಿದ್ರೆ ಚೆಲ್ಲಿ ಮತ್ತೆ ಮೊದ್ಲಿಂದ. ಆಮೇಲೆ ಎರಡು ದ್ರಾವಣ ಪಿಪೆಟ್‌ನಲ್ಲಿ ಒಳಗೆ ಬಿಡೋದು, ಒಂದು ಮ್ಯಾಂಗನೀಸ್ ಸಲ್ಫೇಟು, ಇನ್ನೊಂದು ಕ್ಷಾರ ಬೆರೆಸಿದ ಅಯೋಡೈಡು. ಬಾಟಲೀನ ತಲೆಕೆಳಗೆ ಮಾಡಿ ನಾಲ್ಕೈದು ಸಲ ತಿರುಗಿಸಿದ್ರೆ ಒಳಗೆ ಮೋಡದ ಥರ ಏನೋ ಕಟ್ಟುತ್ತೆ. ನೀರಲ್ಲಿ ಆಕ್ಸಿಜನ್ ಇದ್ರೆ ಆ ಮೋಡ ಕೆಮ್ಮಣ್ಣು ಕದಡಿದಂಗೆ ಕಂದು ಬಣ್ಣ. ಇಲ್ದಿದ್ರೆ ಸುಣ್ಣ ಕದಡಿದಂಗೆ ಬಿಳೀ. 1888ರಲ್ಲಿ ವಿಂಕ್ಲರ್ ಅನ್ನೋರು ಕೊಟ್ಟ ವಿಧಾನ ಇದು. ಲ್ಯಾಬಿಗೆ ಹೋಗಿ ಲೆಕ್ಕ ಹಾಕೋದು ಆಮೇಲಿನ ಮಾತು, ದಡದಲ್ಲಿ ನಿಂತೇ ನೀರು ಉಸಿರಾಡ್ತಿದ್ಯೋ ಇಲ್ವೋ ಗೊತ್ತಾಗೋಗುತ್ತೆ.

ಒಂದು ಕೆರೆಗೆ ನಾನು ತಿಂಗಳಿಗೊಂದ್ಸಲ ಹೋಗ್ತಿದ್ದೆ. ಯಾವಾಗ ಹೋದ್ರೂ ಹನ್ನೊಂದು ಗಂಟೆ ಆಸುಪಾಸು, ಯಾಕಂದ್ರೆ ಆಫೀಸ್ ತೆಗೆಯೋದು ಹತ್ತಕ್ಕೆ, ಜೀಪು ಹೊರಡೋದು ಹತ್ತೂವರೆಗೆ, ಸಂಜೆ ನಾಲ್ಕರ ಮೇಲೆ ಲ್ಯಾಬ್‌ನೋರು ಬಾಟಲಿ ಮುಟ್ತಿರಲಿಲ್ಲ. ಪ್ರತೀ ಸಲ ಕಂದು. ರಿಪೋರ್ಟ್‌ನಲ್ಲಿ ಆಕ್ಸಿಜನ್ ಲೀಟರಿಗೆ 9, 10, ಒಂದೊಂದ್ಸಲ 12 ಮಿಲಿಗ್ರಾಂ, ಅಂದ್ರೆ ಬೆಟ್ಟದ ತೊರೆಗಿಂತ ಜಾಸ್ತಿ, ಸಾಹೇಬ್ರು ಸಹಿ ಹಾಕೋರು, ಫೈಲ್ ಕ್ಲೋಸು. ಆದ್ರೆ ಆ ಕೆರೇಲಿ ಆಗಾಗ ಮೀನು ಸಾಯ್ತಿತ್ತು. ನಮ್ಮ ಕಾಗದದ ಪ್ರಕಾರ ಮೀನು ಸಾಯೋಕೆ ಕಾರಣಾನೇ ಇರಲಿಲ್ಲ ಪಾಪ.

ಒಂದಿನ ತಲೆ ಕೆಟ್ಟು ಬೆಳಗಿನ ಜಾವ ನಾಲ್ಕೂವರೆಗೆ ನಾನೇ ಹೋದೆ, ಜೀಪಿಲ್ಲ ಡ್ಯೂಟಿ ಇಲ್ಲ. ಕತ್ತಲೆ. ನೀರಿನ ಮೇಲೆ ಪುಚ್ ಪುಚ್ ಅಂತ ಸದ್ದು, ಟಾರ್ಚ್ ಬಿಟ್ರೆ ಮೀನುಗಳು ಬಾಯಿ ಮೇಲಕ್ಕೆತ್ಕೊಂಡು ಗಾಳಿ ಕುಡೀತಿದಾವೆ, ಒಂದಲ್ಲ ಎರಡಲ್ಲ, ಕಣ್ಣು ಹಾಯೋ ತನಕ ಬಾಯಿಗಳು. ಬಾಟಲಿ ಮುಳುಗಿಸಿದೆ, ದ್ರಾವಣ ಬಿಟ್ಟೆ, ತಿರುಗಿಸಿದೆ. ಬಿಳೀ.

ಇದ್ರಲ್ಲಿ ಮಾಯಮಂತ್ರ ಏನಿಲ್ಲ. ಕೊಳಚೆ ಕುಡಿದು ಕೊಬ್ಬಿದ ಪಾಚಿ ಹಗಲು ಬಿಸಿಲಲ್ಲಿ ಆಕ್ಸಿಜನ್ ಬಿಡುತ್ತೆ, ರಾತ್ರಿ ಅದೇ ಪಾಚಿ ಆಕ್ಸಿಜನ್ ಎಳ್ಕೊಳ್ಳುತ್ತೆ, ತಳದಲ್ಲಿ ಕೊಳೀತಿರೋ ಕೆಸರೂ ಎಳ್ಕೊಳ್ಳುತ್ತೆ. ನೀರಿಗೆ ಗಾಳಿಯಿಂದ ಆಕ್ಸಿಜನ್ ತಗೊಂಡು ಹಿಡಿದಿಟ್ಕೊಳ್ಳೋ ಶಕ್ತೀನೇ ಕಮ್ಮಿ, 20 ಡಿಗ್ರೀಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಗೆ ಬಂದ್ರೆ ಏಳೂವರೆ, ನಾಲ್ಕರ ಕೆಳಗೆ ಇಳಿದ್ರೆ ಎಷ್ಟೋ ಮೀನಿಗೆ ಸಂಕಟ ಶುರು. ಸೂರ್ಯ ಹುಟ್ಟೋಕೆ ಮುಂಚಿನ ಒಂದು ಗಂಟೆ ಕೆರೆಯ ಪ್ರಾಣ ಗಂಟಲಿಗೆ ಬಂದಿರೋ ಹೊತ್ತು. ನಿಮ್ಮ ಕಾನೂನಿಗೆ ಆ ಹೊತ್ತಲ್ಲಿ ಗಾಢ ನಿದ್ದೆ.

ಈ ಪತ್ರದಲ್ಲಿ ನಾನು ಹೇಳ್ಬೇಕಾಗಿರೋದು ಇಷ್ಟೇ. ನಿಮ್ಮ ಕಾನೂನು ನೀರನ್ನ ಕೇಳಲ್ಲ, ಕಾಗದಾನ ಕೇಳುತ್ತೆ. ಅದೂ ಆಫೀಸ್ ಟೈಮಲ್ಲಿ.

ಇದು ಇವತ್ತಿನ ಕತೆ ಅಲ್ಲ ಬಿಡಿ. 1858ರ ಬೇಸಿಗೇಲಿ ಲಂಡನ್‌ನ ಥೇಮ್ಸ್ ನದಿ ನಾರಿದ ನಾತಕ್ಕೆ ಪಾರ್ಲಿಮೆಂಟ್‌ನಲ್ಲಿ ಕೂರೋಕೆ ಆಗ್ದೆ ಪರದೆಗಳನ್ನ ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ ನೇತುಹಾಕಿದ್ರು, ಅಷ್ಟು ವರ್ಷ ಮುಂದೂಡಿದ್ದ ಒಳಚರಂಡಿ ಕೆಲಸದ ಕಾಯ್ದೆ 18 ದಿನದಲ್ಲಿ ಪಾಸಾಯ್ತು. ಮೂಗಿಗೆ ಬಂದ್ರೆ ಕಾನೂನು ಎಷ್ಟು ಸ್ಪೀಡು ನೋಡಿ. ಬ್ಯಾಜಲ್‌ಗೆಟ್ ಅನ್ನೋ ಇಂಜಿನಿಯರ್ ಅದ್ಭುತವಾದ ಒಳಚರಂಡಿ ಕಟ್ಟಿಸಿದ್ರು, ಕಾಲರಾ ಹೋಯ್ತು, ಇಲ್ಲ ಅನ್ನಲ್ಲ. ಆದ್ರೆ ಆ ಕೊಚ್ಚೆ ಎಲ್ಲಾ ಊರು ದಾಟಿಸಿ ಕೆಳಗಡೆ ಅದೇ ನದಿಗೆ ಬಿಡ್ತಿದ್ರು. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಅನ್ನೋ ಹಡಗು ಮುಳುಗಿದ್ದು ಸರಿಯಾಗಿ ಆ ಜಾಗದ ಹತ್ರಾನೇ, 600ಕ್ಕೂ ಹೆಚ್ಚು ಜನ ಹೋದ್ರು, ಆಗಷ್ಟೇ ಬಿಟ್ಟಿದ್ದ ಕೊಚ್ಚೇಲಿ ಬಿದ್ದು. 1957ರ ಹೊತ್ತಿಗೆ ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನೋರು ಥೇಮ್ಸ್‌ನಲ್ಲಿ ಜೀವ ಇಲ್ಲ ಅಂದ್ಬಿಟ್ರು. ಅಂದ್ರೆ ಕಾನೂನು ಮೆಂಬರುಗಳ ಮೂಗಿನಿಂದ ನಾತ ತೆಗೀತು, ನದಿಯಿಂದ ತೆಗೀಲಿಲ್ಲ.

ಅಮೆರಿಕದ ಕಯಾಹೋಗ ನದಿ ಕತೆ ನಿಮಗೆ ಗೊತ್ತಿರ್ಬೇಕು, 1969ರ ಜೂನ್‌ನಲ್ಲಿ ನದಿಗೇ ಬೆಂಕಿ ಹತ್ಕೊಂಡಿದ್ದು. ತಮಾಷೆ ಏನಂದ್ರೆ ಆ ಬೆಂಕಿ ಅರ್ಧ ಗಂಟೆ ಕೂಡ ಉರೀಲಿಲ್ಲ, ಪತ್ರಿಕೇಲಿ ಬಂದು ದೇಶಾನ ಬೆಚ್ಚಿಬೀಳಿಸಿದ ಫೋಟೋ 1952ರದ್ದು, ಅಂದ್ರೆ ಅದಕ್ಕಿಂತ ದೊಡ್ಡ ಬೆಂಕಿ ಹದಿನೇಳು ವರ್ಷ ಮುಂಚೇನೇ ಬಿದ್ದಿತ್ತು, ಆಗ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ. 1972ರಲ್ಲಿ ಶುದ್ಧ ನೀರಿನ ಕಾಯ್ದೆ ಬಂತು, ಅಧ್ಯಕ್ಷ ನಿಕ್ಸನ್ ವೀಟೋ ಮಾಡಿದ್ರೂ ಸಂಸತ್ತು ಆ ವೀಟೋನ ತಳ್ಳಿಹಾಕಿ ಪಾಸ್ ಮಾಡ್ತು. ಆ ಕಾಯ್ದೇಲಿ ನನಗೆ ಇಷ್ಟ ಆಗೋದು ಎರಡು. ಪರ್ಮಿಟ್ ಇಲ್ದೆ ಯಾವ ಪೈಪೂ ನದಿಗೆ ಬಾಯಿ ತೆರೀಬಾರದು, ಮತ್ತೆ ಸರ್ಕಾರ ಸುಮ್ನೆ ಕೂತ್ರೆ ಸಾಮಾನ್ಯ ಮನುಷ್ಯ ಕೂಡ ಕೋರ್ಟಿಗೆ ಹೋಗ್ಬೋದು. 1985ರ ಹೊತ್ತಿಗೆ ನದಿಗೆ ಬಿಡೋ ಹೊಲಸು ಸೊನ್ನೆ ಆಗ್ಬೇಕು ಅಂತ ಗುರಿ ಬೇರೆ ಬರ್ಕೊಂಡಿದ್ರು, ಆಗ್ಲಿಲ್ಲ, ಆದ್ರೆ ನದಿಗಳು ಎಷ್ಟೋ ಸುಧಾರಿಸಿದ್ದು ನಿಜ.

ಆ ಕಾನೂನಿಗೂ ಒಂದು ದೊಡ್ಡ ತೂತಿದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೆಚ್ಚೂಕಮ್ಮಿ ಎಲ್ಲಾ ದೇಶದ ಕಾನೂನಲ್ಲೂ ಅದೇ ತೂತು.

ಕೆನಡಾದಲ್ಲಿ ಪ್ರಯೋಗಕ್ಕೆ ಅಂತಾನೇ ಮೀಸಲಿಟ್ಟ ಕೆರೆಗಳಿವೆ. ಅದ್ರಲ್ಲಿ 226ನೇ ನಂಬರಿನ ಕೆರೆ ನಡುವೆ ಕಿರಿದಾಗಿ ಎಂಟರ ಆಕಾರದಲ್ಲಿದೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಅನ್ನೋ ವಿಜ್ಞಾನಿ ತಂಡದೋರು ಆ ಕಿರಿದಾದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಕೆರೇನ ಎರಡು ಮಾಡಿದ್ರು. ಒಂದು ಕಡೆ ಕಾರ್ಬನ್, ನೈಟ್ರೋಜನ್ ಹಾಕಿದ್ರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕ, ಅದೇ ಫಾಸ್ಫರಸ್ಸು. ಮೇಲಿಂದ ತೆಗೆದ ಫೋಟೋ ಸಿಕ್ರೆ ನೋಡಿ, ಪರದೆಯ ಈ ಕಡೆ ಕಪ್ಪು ತಿಳಿನೀರು, ಆ ಕಡೆ ಹಸಿರು ಬಣ್ಣ ಬಳಿದಂಗೆ ಪಾಚಿ. ಸೋಪು ಕಂಪನಿಗಳೋರು ಅಲ್ಲೀ ತನಕ ರಂಜಕದ್ದು ತಪ್ಪಿಲ್ಲ ಕಾರ್ಬನ್‌ದು ತಪ್ಪು ಅಂತ ವಾದ ಮಾಡ್ಕೊಂಡು ಕೂತಿದ್ರು, ಒಂದು ಫೋಟೋಗೆ ವಾದ ಮುಗೀತು. ಅದಕ್ಕೆ ಒಂದು ವರ್ಷ ಮುಂಚೇನೇ, 1972ರಲ್ಲಿ, ಅಮೆರಿಕ ಕೆನಡಾ ಎರಡೂ ಸೇರಿ ಗಡಿಯಲ್ಲಿರೋ ದೊಡ್ಡ ಸರೋವರಗಳಿಗೆ ಒಂದು ಒಪ್ಪಂದ ಮಾಡ್ಕೊಂಡಿದ್ರು, ಬಟ್ಟೆ ಸೋಪಿನ ಪುಡಿಯಲ್ಲಿ ರಂಜಕಕ್ಕೆ ಮಿತಿ, ಕೊಳಚೆ ಶುದ್ಧೀಕರಣದಲ್ಲಿ ರಂಜಕ ತೆಗೀಬೇಕು ಅಂತ ನಿಯಮ. ಅವುಗಳಲ್ಲಿ ಒಂದಾದ, ಸತ್ತೇಹೋಯ್ತು ಅಂತಿದ್ದ ಈರಿ ಸರೋವರ ಚೇತರಿಸ್ಕೊಳ್ತು. ಕಾನೂನು ವಿಜ್ಞಾನದ ಮಾತು ಕೇಳಿದ್ರೆ ಇಷ್ಟು ಸಲೀಸು.

ಆದ್ರೆ 2014ರ ಆಗಸ್ಟ್‌ನಲ್ಲಿ ಅದೇ ಈರಿ ಸರೋವರದ ನೀರು ಕುಡಿಯೋ ಅಮೆರಿಕದ ಟೊಲೀಡೊ ಊರಿನ ಸುಮಾರು ನಾಲ್ಕು ಲಕ್ಷ ಜನಕ್ಕೆ ನಲ್ಲಿ ನೀರು ಕುಡೀಬೇಡಿ ಅಂತ ಆರ್ಡರ್ ಬಂತು. ಪಾಚಿ ವಿಷ. ಕುದಿಸಿ ಕುಡೀತೀವಿ ಅನ್ನೋಂಗೂ ಇಲ್ಲ, ಕುದಿಸಿದ್ರೆ ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತೆ. ರಂಜಕ ಎಲ್ಲಿಂದ ಬಂತು ಅಂದ್ರೆ ಮುಖ್ಯವಾಗಿ ಹೊಲಗಳಿಂದ, ಗೊಬ್ಬರ ಮಳೆಗೆ ಕೊಚ್ಕೊಂಡು ಬಂದಿದ್ದು. ಅಮೆರಿಕದ ಆ ಕಾಯ್ದೆ ಪೈಪಿಗೆ ಪರ್ಮಿಟ್ ಕೇಳುತ್ತೆ, ಹೊಲದಿಂದ ಹರಿಯೋ ಮಳೆನೀರನ್ನ ಪೈಪಿನ ಲೆಕ್ಕಕ್ಕೆ ಸೇರಿಸ್ಬಾರದು ಅಂತ ಅದೇ ಕಾಯ್ದೇಲಿ ರಿಯಾಯಿತಿ ಬರೆದಿದೆ. ಹೊಲಕ್ಕೆ ಪೈಪೂ ಇಲ್ಲ, ಕಳ್ಳನೂ ಇಲ್ಲ, ಪಾಚಿ ಮಾತ್ರ ಇದೆ. ರೈತನ್ನ ಬೈಯೋಕೆ ಇದನ್ನ ಹೇಳ್ತಿಲ್ಲ, ದಯವಿಟ್ಟು ಹಂಗೆ ತಿರುಚ್ಬೇಡಿ. ಗೊಬ್ಬರಕ್ಕೆ ಸಬ್ಸಿಡಿ ಕೊಟ್ಟು ಹಾಕಿ ಹಾಕಿ ಅಂದೋರು ಸರ್ಕಾರದೋರೇ, ಅದು ಕೆರೆಗೆ ಹರಿದ್ರೆ ಯಾರ ಹೊಣೆ ಅಂತ ಬರೆಯೋವಾಗ ಪೆನ್ನಲ್ಲಿ ಇಂಕ್ ಖಾಲಿ. ಹೊಳೆ ಬದಿ ಹತ್ತು ಹದಿನೈದು ಮೀಟರ್ ಹುಲ್ಲು ಗಿಡ ಬಿಡೋಕೆ, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕೋಕೆ ರೈತನಿಗೆ ದುಡ್ಡು ಕೊಡಿ, ಅದೇ ಸಬ್ಸಿಡಿ ದುಡ್ಡಲ್ಲಿ ಒಂದು ಪಾಲು ತೆಗೆದು ಕೊಡಿ.

ಈಗ ಪೈಪಿಗೇ ಬರೋಣ, ನೀವು ನೋಡ್ತೀವಿ ಅನ್ನೋ ಪೈಪು. ಅದ್ರಲ್ಲೂ ಒಂದು ನಂಬರಿನ ಆಟ ಇದೆ. 1912ರಲ್ಲಿ ಬ್ರಿಟನ್ನಿನ ಒಂದು ರಾಯಲ್ ಕಮಿಷನ್ ಕೊಳಚೆ ನೀರಿಗೆ 20, 30 ಅಂತ ಅಳತೆ ಕೊಡ್ತು, ಲೀಟರಿಗೆ 20 ಮಿಲಿಗ್ರಾಂ ಬಿಒಡಿ, ನೀರಲ್ಲಿ ಕದಡಿರೋ ಕಸ 30 ಮಿಲಿಗ್ರಾಂ. ಬಿಒಡಿ ಅಂದ್ರೆ ಆ ಹೊಲಸು ಕೊಳೆಯೋವಾಗ ನೀರಿಂದ ಎಷ್ಟು ಆಕ್ಸಿಜನ್ ಕಿತ್ಕೊಳ್ಳುತ್ತೆ ಅನ್ನೋ ಲೆಕ್ಕ. ಆದ್ರೆ ಅದಕ್ಕೊಂದು ಷರತ್ತು ಇತ್ತು, ಆ ಕೊಳಚೆ ಬೀಳೋ ನದೀಲಿ ಅದರ ಎಂಟು ಪಟ್ಟಾದ್ರೂ ಒಳ್ಳೆ ನೀರು ಹರೀತಿರ್ಬೇಕು ಅಂತ. ಪ್ರಪಂಚ ಎಲ್ಲಾ ಆ ನಂಬರ್ ಥರದ ನಂಬರ್ ಇಟ್ಕೊಳ್ತು, ಷರತ್ತನ್ನ ಕೈಬಿಡ್ತು. ಭಾರತದ ನಿಯಮದಲ್ಲಿ ಒಳನಾಡಿನ ನೀರಿಗೆ ಬಿಡೋಕೆ ಬಿಒಡಿ ಸಾಮಾನ್ಯ ಮಿತಿ 30. ಬೇಸಿಗೇಲಿ ನದೀಲಿ ಹರಿಯೋದೇ ಆ ಕೊಳಚೆ ಮಾತ್ರ ಆದ್ರೆ ಎಂಟು ಪಟ್ಟು ನೀರು ಎಲ್ಲಿಂದ ತರೋಣ?

ಇನ್ನೊಂದು ಲೆಕ್ಕ ಮಾಡಿ. ದಿನಕ್ಕೆ ಒಂದು ಕೋಟಿ ಲೀಟರ್ ಬಿಡೋ ಒಂದು ಘಟಕ, ಲೀಟರಿಗೆ 30 ಮಿಲಿಗ್ರಾಂ, ಪಾಸು. ದಿನಕ್ಕೆ 300 ಕೆಜಿ. ಅಂಥವು ಹತ್ತು ಇದ್ರೆ ಹತ್ತೂ ಪಾಸು, ಕೆರೆಗೆ ದಿನಕ್ಕೆ ಮೂರು ಟನ್. ಎಲ್ಲಾ ಮಕ್ಕಳೂ ಪಾಸಾಗಿ ಸ್ಕೂಲೇ ಫೇಲಾದಂಗೆ. ಒಬ್ಬ ಫೇಲ್ ಆಗೋಂಗಿದ್ರೆ ಬೋರ್‌ವೆಲ್ ನೀರು ಬೆರೆಸಿ ತೆಳು ಮಾಡಿ ಬಿಟ್ರೂ ಪಾಸೇ, ಹೊಲಸು ಒಂದು ಗ್ರಾಂ ಕಮ್ಮಿ ಆಗಿರಲ್ಲ, ಮೇಲಿಂದ ಒಳ್ಳೆ ನೀರೂ ಹಾಳು. ಲೀಟರಿಗೆಷ್ಟು ಅಂತ ಕೇಳ್ಬೇಡಿ, ಈ ಕೆರೆ ದಿನಕ್ಕೆ ಎಷ್ಟು ಕೆಜಿ ತಡ್ಕೊಳ್ಳುತ್ತೆ ಅಂತ ಮೊದ್ಲು ಕೇಳಿ, ಆಮೇಲೆ ಅದನ್ನ ಹಂಚಿ.

ರಾತ್ರಿ ವಿಷಯ ಹೇಳ್ತಿದ್ನಲ್ಲ. ಶುದ್ಧೀಕರಣ ಘಟಕದಲ್ಲಿ ಅತೀ ಹೆಚ್ಚು ಕರೆಂಟ್ ತಿನ್ನೋದು ಗಾಳಿ ಊದೋ ಬ್ಲೋವರ್, ಎಷ್ಟೋ ಕಡೆ ಒಟ್ಟು ಕರೆಂಟಿನ ಅರ್ಧ ಅದಕ್ಕೇ. ದುಡ್ಡು ಉಳಿಸ್ಬೇಕು ಅಂದ್ರೆ ಮೊದ್ಲು ಆಫ್ ಆಗೋದು ಅದೇ. ಇನ್ಸ್‌ಪೆಕ್ಷನ್ ಅಂತ ಗೊತ್ತಾದ ತಕ್ಷಣ ಆನ್. ಆದ್ರೆ ಟ್ಯಾಂಕು ಸುಳ್ಳು ಹೇಳಲ್ಲ. ಸದಾ ಗಾಳಿ ಕುಡಿದ ಕೆಸರು ಕಂದು ಬಣ್ಣ ಇರುತ್ತೆ, ಹಸಿ ಮಣ್ಣಿನ ವಾಸನೆ. ಈಗಷ್ಟೇ ಆನ್ ಮಾಡಿದ್ದಾದ್ರೆ ಕಪ್ಪು, ಕೊಳೆತ ಮೊಟ್ಟೆ ನಾತ. ಒಂದು ಕಡೆ ನಾನು ನೋಡಿದ್ದು ಅದಕ್ಕಿಂತ ಚೆನ್ನಾಗಿತ್ತು: ಪೈಪಿನಲ್ಲಿ ಇರ್ಬೇಕಾದ ಆನ್‌ಲೈನ್ ಸೆನ್ಸರನ್ನ ತೆಗೆದು ಒಂದು ಬಕೆಟ್ ತಿಳಿನೀರಲ್ಲಿ ಇಳಿಬಿಟ್ಟಿದ್ರು, ಕಂಪ್ಯೂಟರ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯೂ ಹಸಿರು ಗೆರೆ, ನೆಟ್ಟಗೆ, ಅಲುಗಾಡದೆ. ನಿಜವಾದ ನೀರಿನ ಗೆರೆ ಯಾವತ್ತೂ ಅಷ್ಟು ನೆಟ್ಟಗಿರಲ್ಲ ಸಾರ್, ಅದೊಂದೇ ಸಾಕಿತ್ತು ಹಿಡಿಯೋಕೆ, ನೋಡೋ ಮನಸ್ಸಿದ್ರೆ. ನನ್ನ ಕೇಳಿದ್ರೆ ಸ್ಯಾಂಪಲ್‌ಗಿಂತ ಮೊದ್ಲು ಬ್ಲೋವರ್‌ಗೆ ಬೇರೆ ಮೀಟರ್ ಹಾಕಿಸಿ ಅದರ ಕರೆಂಟ್ ಬಿಲ್ ತರಿಸ್ಕೊಳ್ಳಿ. ಬಾಟಲೀಗೆ ತಿಳಿನೀರು ಬೆರೆಸ್ಬೋದು, ಬಿಲ್ಲಿಗೆ ಏನು ಬೆರೆಸ್ತಾರೆ?

ದಂಡದ ಬಗ್ಗೆ. 2021ರಲ್ಲಿ ಇಂಗ್ಲೆಂಡಿನ ಸದರ್ನ್ ವಾಟರ್ ಕಂಪನಿಗೆ 9 ಕೋಟಿ ಪೌಂಡ್ ದಂಡ ಬಿತ್ತು, 2010ರಿಂದ 2015ರ ತನಕ ಬೇಕಂತಾನೇ ಕೊಳಚೆ ಬಿಟ್ಟಿದ್ದಕ್ಕೆ. ತಪ್ಪಿಂದ ತೀರ್ಪಿಗೆ ಎಷ್ಟು ವರ್ಷ ಎಣಿಸ್ಕೊಳ್ಳಿ. ಭಾರತದಲ್ಲಿ 1974ರ ಜಲ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದು ಎಷ್ಟೋ ತಪ್ಪುಗಳಿಗೆ ಇದ್ದ ಜೈಲು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ ಅಂತ ಮಾಡಿದ್ರು. ಜೈಲಿಗೆ ಹಾಕ್ಲೇಬೇಕು ಅಂತ ಹಠ ನನಗಿಲ್ಲ, ಕೇಸು ಇಪ್ಪತ್ತು ವರ್ಷ ಎಳೆದು ಕೊನೆಗೆ ಯಾರೂ ಹೋಗ್ತಿರಲಿಲ್ಲ, ಅದೂ ಗೊತ್ತು. ಆದ್ರೆ ಬ್ಲೋವರ್ ಆಫ್ ಮಾಡಿ ಉಳಿಸಿದ ದುಡ್ಡಿಗಿಂತ ದಂಡ ಕಮ್ಮಿ ಆದ್ರೆ ಅದನ್ನ ದಂಡ ಅನ್ನಲ್ಲ, ಬಾಡಿಗೆ ಅಂತಾರೆ. ಉಳಿಸಿದ್ದು ಎಷ್ಟು ಅಂತ ಲೆಕ್ಕ ಹಾಕಿ, ಅದರ ಮೇಲೆ ದಂಡ ಹಾಕಿ.

ಕಾನೂನೇ ಇರಲಿಲ್ಲ ಅಂತ ಮಾತ್ರ ಹೇಳ್ಬೇಡಿ. ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಕಾರ್ಖಾನೆಯ ಪಾದರಸ ತಿಂದ ಮೀನು ತಿಂದು ಜನಕ್ಕೆ ಕೈಕಾಲು ನಡುಗೋ ರೋಗ ಬಂದಿದ್ದು ಅಧಿಕೃತವಾಗಿ ಗೊತ್ತಾಗಿದ್ದು 1956ರಲ್ಲಿ. 1958ರಲ್ಲೇ ಆ ದೇಶದಲ್ಲಿ ನೀರಿನ ಎರಡು ಕಾನೂನು ಬಂದಿದ್ವು. ಮಿನಮಾಟಕ್ಕೆ ಅದನ್ನ ಬಳಸ್ಲಿಲ್ಲ. ಹೊಲಸು ನಿಂತಿದ್ದು 1968ರಲ್ಲಿ. ಬಳಸ್ದೇ ಇದ್ದಿದ್ದು ಸರ್ಕಾರದ ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳೋ ಹೊತ್ತಿಗೆ 2004. ಬೀರುವಿನಲ್ಲಿಟ್ಟ ಕಾನೂನು ಯಾರ ಜ್ವರಾನೂ ಇಳಿಸಲ್ಲ.

ಈಗಿನ ಫ್ಯಾಷನ್ ನದಿಗೆ ಮನುಷ್ಯನ ಹಕ್ಕು ಕೊಡೋದು. ನ್ಯೂಜಿಲೆಂಡ್ 2017ರಲ್ಲಿ ವಾಂಗನುಯಿ ನದಿಗೆ ಕೊಡ್ತು, ಅದೇ ವರ್ಷ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ ಯಮುನೆಗೆ ಕೊಡ್ತು, ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕ್ತು. ಟೊಲೀಡೊ ಜನ 2019ರಲ್ಲಿ ವೋಟ್ ಹಾಕಿ ಈರಿ ಸರೋವರಕ್ಕೆ ಹಕ್ಕು ಕೊಟ್ರು, ಮುಂದಿನ ವರ್ಷ ಕೋರ್ಟ್ ಹೊಡೆದುಹಾಕ್ತು. ವಾಂಗನುಯಿದು ಉಳಿದಿದ್ದು ಯಾಕಂದ್ರೆ ಆ ನದಿ ಪರವಾಗಿ ಮಾತಾಡೋಕೆ ಇಬ್ಬರು ಮನುಷ್ಯರನ್ನ ನೇಮಿಸೋ ಏರ್ಪಾಡು ಕಾಯ್ದೆಯಲ್ಲೇ ಇದೆ, ಒಬ್ಬರು ಸರ್ಕಾರದ ಕಡೆಯಿಂದ, ಒಬ್ಬರು ಅಲ್ಲಿನ ಮೂಲನಿವಾಸಿ ಮಾವೊರಿಗಳ ಕಡೆಯಿಂದ. ಇನ್ನೊಂದು ದಿಕ್ಕಲ್ಲಿ ಚೀನಾ ನೋಡಿ, 2007ರಲ್ಲಿ ತೈ ಸರೋವರ ಪಾಚಿಗಟ್ಟಿ ವೂಷಿ ನಗರದ ನಲ್ಲಿ ನೀರು ನಾರಿದ್ಮೇಲೆ ಒಂದೊಂದು ನದಿಗೂ ಒಬ್ಬೊಬ್ಬ ಅಧಿಕಾರೀನ ಹೊಣೆ ಮಾಡಿ, ದಡದಲ್ಲಿ ಬೋರ್ಡ್ ಹಾಕಿ ಅವರ ಹೆಸರು ಫೋನ್ ನಂಬರ್ ಬರೆದ್ರು. ಆ ಆಡಳಿತದ ಎಲ್ಲವನ್ನೂ ಒಪ್ಪೋನಲ್ಲ ನಾನು, ಆದ್ರೆ ಈ ಬೋರ್ಡ್ ಮಾತ್ರ ಕದೀಬೇಕು ಅನ್ಸುತ್ತೆ. ಹೆಸರಿದ್ರೆ ಮೈಮೇಲೆ ಎಚ್ಚರ ಇರುತ್ತೆ.

ಆದ್ರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಯುರೋಪಿನ ರೈನ್ ನದಿಯೋರು ಮಾಡಿದ್ದು. 1986ರ ನವೆಂಬರ್ 1ರ ಬೆಳಗಿನ ಜಾವ ಸ್ವಿಟ್ಜರ್ಲೆಂಡ್‌ನ ಬಾಸೆಲ್ ಹತ್ರ ಸಾಂಡೋಜ್ ಕಂಪನಿಯ ಗೋಡೌನ್‌ಗೆ ಬೆಂಕಿ ಬಿತ್ತು, ಆರಿಸೋಕೆ ಹೊಡೆದ ನೀರಿನ ಜೊತೆ ಟನ್‌ಗಟ್ಟಲೆ ಕೀಟನಾಶಕ ನದಿಗೆ ಹರೀತು, ನದಿ ಕೆಂಪಾಯ್ತು, ಹಾವುಮೀನುಗಳು ಲಕ್ಷದ ಲೆಕ್ಕದಲ್ಲಿ ಸತ್ವು. ಮುಂದಿನ ವರ್ಷ ರೈನ್ ದಡದ ದೇಶಗಳು ಕೂತು ಒಂದು ಯೋಜನೆ ಮಾಡಿದ್ರು. ಅದರ ಮುಖ್ಯ ಗುರಿಗಳಲ್ಲಿ ಒಂದು ಏನಪ್ಪಾ ಅಂದ್ರೆ 2000ದ ಹೊತ್ತಿಗೆ, ಸಮುದ್ರದಿಂದ ನದಿ ಹತ್ತಿ ಬಂದು ಮೊಟ್ಟೆ ಇಡೋ ಸಾಲ್ಮನ್ ಮೀನು ನದಿಗೆ ವಾಪಸ್ ಬರ್ಬೇಕು. ಬರೀ ಮಿಲಿಗ್ರಾಂ ಅಲ್ಲ, ಮೀನು. ಮೀನು ಬಂತು ಅಂದ್ರೆ ರಾತ್ರಿನೂ ಆಕ್ಸಿಜನ್ ಇದೆ ಅಂತ, ತಳದ ಕಲ್ಲಿಗೆ ಕೆಸರು ಮೆತ್ಕೊಂಡಿಲ್ಲ ಅಂತ, ಅಣೆಕಟ್ಟಲ್ಲಿ ಹತ್ತೋಕೆ ದಾರಿ ಬಿಟ್ಟಿದಾರೆ ಅಂತ. ಬಕೆಟ್‌ನಲ್ಲಿ ಇಳಿಬಿಟ್ಟು ಮೋಸ ಮಾಡೋಕೆ ಆಗಲ್ಲ. 2000ಕ್ಕೆ ಸಾಲ್ಮನ್ ಬಂತು ಕೂಡ.

ಹಂಗಾಗಿ ದೊಡ್ಡೋರಲ್ಲಿ ಕೇಳ್ಕೊಳ್ಳೋದು ಏನಂದ್ರೆ, ಮುಂದಿನ ಕಾಯ್ದೆ ಬರೆಯೋವಾಗ ಸ್ಯಾಂಪಲ್ ತಗೊಳ್ಳೋ ಹೊತ್ತನ್ನ ಕಾಯ್ದೆಯಲ್ಲೇ ಬರೀರಿ, ಸೂರ್ಯ ಹುಟ್ಟೋಕೆ ಮುಂಚೆ, ಮುಂಚಿತವಾಗಿ ತಿಳಿಸ್ದೆ, ಬೇಸಿಗೇಲಿ ನೀರು ತಳ ಕಂಡಾಗ ಒಂದ್ಸಲ, ಮೊದಲ ಮಳೆ ಬಿದ್ದ ರಾತ್ರಿ ಒಂದ್ಸಲ, ಮತ್ತೆ ಆ ರಿಪೋರ್ಟು ಬೀರುವಿಗೆ ಹೋಗೋ ಮುಂಚೆ ಎಲ್ಲರ ಕಣ್ಣಿಗೆ ಬೀಳೋ ಹಂಗೆ ಹಾಕಿ. ಜೀಪ್ ಡ್ರೈವರ್‌ಗೆ ನೈಟ್ ಅಲೋಯನ್ಸ್ ಕೊಡೋದನ್ನ ಮಾತ್ರ ಮರೀಬೇಡಿ, ಅದೊಂದು ಕೊಡ್ದೇ ಇದ್ರೆ ಮತ್ತೆ ಹನ್ನೊಂದು ಗಂಟೇನೇ ಗತಿ.

ನಂಬಿಕೆ ಬರ್ಲಿಲ್ಲ ಅಂದ್ರೆ ನಿಮಗೆ ಹತ್ರ ಇರೋ ಯಾವುದಾದ್ರೂ ಕೆರೆ ಹೇಳಿ, ನಾಲ್ಕೂವರೆಗೆ ಬನ್ನಿ. ಬಾಟಲಿ, ಎರಡು ದ್ರಾವಣ, ಟಾರ್ಚು ನಾನು ತರ್ತೀನಿ, ಬಾಟಲಿ ನೀವೇ ಮುಳುಗಿಸಿ, ಗುಳ್ಳೆ ಉಳೀದಂಗೆ. ಕಂದು ಬಂದ್ರೆ ಈ ಪತ್ರ ಹರಿದುಹಾಕಿ.

ಇಂತಿ,
ಬಿರಡೆ ಹಿಡ್ಕೊಂಡು ದಡದಲ್ಲಿ ನಿಂತಿರೋ ಒಬ್ಬ